ಏಳನೇ ಸೈಕಲ್ಲಿನ ತಿರುಪು

ಮಾನ್ಯ ಅಧ್ಯಕ್ಷರೇ, ಅಂದರೆ ನಮ್ಮ ಕಾರ್ಖಾನೆಯ ಮ್ಯಾನೇಜರ್ ಸಾಹೇಬರೇ. ಅವರ ಬಲಕ್ಕೆ ಕುಳಿತಿರುವ ಮುಖ್ಯ ಅತಿಥಿಗಳೇ, ಕ್ಷಮಿಸಿ, ತಾವು ಯಾರೆಂದು ನನಗೆ ಇನ್ನೂ ಯಾರೂ ಹೇಳಿಲ್ಲ. ಎಡಕ್ಕೆ ಕುಳಿತಿರುವ ವಿನ್ಯಾಸ ವಿಭಾಗದ ಇಂಜಿನಿಯರಮ್ಮನವರೇ. ಕುರ್ಚಿ ಸಿಕ್ಕ ಸಭಿಕರೇ. ಕುರ್ಚಿ ಸಿಗದೆ ಗೋಡೆಗೆ ಒರಗಿ ನಿಂತಿರುವ, ಲೆಕ್ಕ ಹಾಕಿದರೆ ಹೆಚ್ಚಿಗೆಯೇ ಇರುವ ಸಭಿಕರೇ. ಮತ್ತು ಮೂರನೇ ಸಾಲಿನ ಕೊನೆಯಲ್ಲಿ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿರುವ ನನ್ನ ಹೆಂಡತಿಯೇ.

ಸಭೆಯಲ್ಲಿ ಹೆಂಡತಿಯನ್ನು ಸಂಬೋಧಿಸುವ ರೂಢಿ ಇಲ್ಲ, ಗೊತ್ತು. ಮೂವತ್ತೊಂದು ವರ್ಷ ಇದೇ ಕ್ಯಾಂಟೀನಿನಲ್ಲಿ, ಇದೇ ಮೇಜುಗಳ ಮೇಲೆ ಹತ್ತಿ ನಿಂತು ಭಾಷಣ ಮಾಡಿದವನು ನಾನು. ಆಗ 'ಸಂಗಾತಿಗಳೇ' ಎಂದರೆ ಎಲ್ಲರೂ ಅದರೊಳಗೆ ಬಂದುಬಿಡುತ್ತಿದ್ದರು, ಬಂದರು ಎಂದು ನಾನು ತಿಳಿದಿದ್ದೆ. ಇವತ್ತು ಮೊದಲ ಸಲ ನನ್ನ ಕೈಗೆ ಮೈಕು ಕೊಟ್ಟಿದ್ದಾರೆ. ಮೊದಲ ಸಲ ಮ್ಯಾನೇಜರ್ ಸಾಹೇಬರು ನನ್ನ ಎದುರಿಗಿಲ್ಲ, ಬೆನ್ನ ಹಿಂದೆ ಇದ್ದಾರೆ. ಬೆನ್ನು ತುರಿಸುತ್ತಿದೆ.

ನನ್ನ ಬಲ ಜೇಬಿನಲ್ಲಿ ಒಂದು ಕಾಗದವಿದೆ. ಎಡ ಜೇಬಿನಲ್ಲಿ ಒಂದು ಕಾಗದವಿದೆ. ಒಂದನ್ನು ಆಡಳಿತ ಕಚೇರಿಯವರು ಟೈಪು ಮಾಡಿಸಿ ಕೊಟ್ಟಿದ್ದಾರೆ. ಅದರಲ್ಲಿ ನಾನು ಈ ಸಂಸ್ಥೆಗೆ ಚಿರಋಣಿ ಎಂದು ನಾಲ್ಕು ಕಡೆ ಬರೆದಿದೆ. ಇನ್ನೊಂದನ್ನು ಬೆಳಿಗ್ಗೆ ಗೇಟಿನ ಹತ್ತಿರ ನಮ್ಮ ಸಂಘದ ಈಗಿನ ಕಾರ್ಯದರ್ಶಿ ಕೊಟ್ಟ. ಅವನನ್ನು ನಾವೆಲ್ಲ 'ಘೋಷಣೆ' ಎಂದು ಕರೆಯುತ್ತೇವೆ. ಟೀ ಬೇಕಾದರೂ ಮುಷ್ಟಿ ಎತ್ತಿ ಕೇಳುವವನು. ಅದು ಸಂಘದ ನಿರ್ಣಯ. ಬೀಳ್ಕೊಡುಗೆಯ ಉಡುಗೊರೆಯಾಗಿ ನನಗೆ ಕೊಡಲಿರುವ ಸೈಕಲ್ಲನ್ನು ನಾನು ಈ ವೇದಿಕೆಯ ಮೇಲೆಯೇ, ಎಲ್ಲರೂ ನೋಡುವಂತೆ, ಹಿಂದಿರುಗಿಸಬೇಕು ಎಂದು ಅದು ಹೇಳುತ್ತದೆ. ಯಾಕೆ? ಅದು ತಾನಾಗಿಯೇ ಗೇರು ಬದಲಿಸಿಕೊಳ್ಳುವ ಸೈಕಲ್ಲು. ಅದು ಬಂದದ್ದರಿಂದ ಮುಂದಿನ ತಿಂಗಳ ಒಂದನೇ ತಾರೀಕಿಗೆ ನಮ್ಮ ಶ್ರುತಿ ಬೆಂಚು ಮುಚ್ಚುತ್ತದೆ. ಹನ್ನೆರಡು ಜನ ಮನೆಗೆ ಹೋಗುತ್ತಾರೆ. ನೋಟೀಸು ಬೋರ್ಡಿನ ಮೇಲಿದೆ, ಯಾರೋ ಅದರ ಮೇಲೆ ಮೀಸೆ ಬರೆದಿದ್ದಾರೆ.

ಎರಡೂ ಕಾಗದಗಳನ್ನು ಒಂದೇ ಥರ ನಾಲ್ಕು ಮಡಿಕೆ ಮಾಡಿದ್ದು ನನ್ನ ತಪ್ಪು. ಯಾವುದು ಯಾವ ಜೇಬಿನಲ್ಲಿದೆ ಎಂದು ಈಗ ಖಾತ್ರಿಯಿಲ್ಲ. ಕೈ ಹಾಕಿದರೆ ಋಣ ಬರುತ್ತದೋ ರಣ ಬರುತ್ತದೋ ಹೇಳಲಾರೆ. ಹಾಗಾಗಿ ಎರಡನ್ನೂ ತೆಗೆಯುವುದಿಲ್ಲ. ನನ್ನ ಕೆಲಸ ಇವತ್ತು ಸಂಜೆ ಐದಕ್ಕೆ ಮುಗಿಯುತ್ತದೆ. ಈಗ ನಾಲ್ಕು ಗಂಟೆ ಹತ್ತು ನಿಮಿಷ. ನಾನು ಹೇಳಬೇಕಾದದ್ದನ್ನು ಕೇಳಿ ನನ್ನನ್ನು ವಜಾ ಮಾಡಲು ಮ್ಯಾನೇಜರ್ ಸಾಹೇಬರಿಗೆ ಇನ್ನೂ ಐವತ್ತು ನಿಮಿಷ ಇದೆ. ಅದನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಮಾತಾಡುತ್ತಿದ್ದೇನೆ.

ಮುಖ್ಯ ಅತಿಥಿಗಳಿಗೆ ಶ್ರುತಿ ಬೆಂಚು ಅಂದರೇನು ಎಂದು ತಿಳಿಯದಿರಬಹುದು. ಗೇರು ಅಂದರೇನು? ಏರಿನಲ್ಲಿ ಕಾಲಿಗೆ ಹಗುರ, ಸಮತಟ್ಟಿನಲ್ಲಿ ಕಾಲಿಗೆ ಭಾರ ಆದರೆ ಓಟ ಜಾಸ್ತಿ. ಅಷ್ಟೇ. ಹ್ಯಾಂಡಲಿನ ಮೇಲಿನ ಹಿಡಿಯನ್ನು ತಿರುಗಿಸಿದರೆ ತಂತಿ ಎಳೆಯುತ್ತದೆ, ಚೈನು ಒಂದು ಚಕ್ರದಿಂದ ಇನ್ನೊಂದಕ್ಕೆ ಹಾರುತ್ತದೆ. ಆ ತಂತಿ ಒಂದು ಕೂದಲು ಸಡಿಲವಾದರೂ ಚೈನು ಕರಕರ ಎನ್ನುತ್ತದೆ. ಅದನ್ನು ಸರಿಮಾಡುವವರು ನಾವು. ಹೊಸದಾಗಿ ನಮ್ಮ ಬೆಂಚಿಗೆ ಬಂದವರಿಗೆ ಮೊದಲ ಪಾಠ ಏನು ಗೊತ್ತೆ? ಕಣ್ಣು ಮುಚ್ಚುವುದು. ಎಡಗೈ ಬೆರಳು ತಂತಿಯ ಮೇಲೆ, ಬಲಗೈ ಪೆಡಲ್ಲಿನ ಮೇಲೆ, ಕಣ್ಣು ಮುಚ್ಚಿ ಕಿವಿಕೊಟ್ಟು ತಿರುಗಿಸುವುದು. 'ಟಕ್' ಎಂದು ಒಂದೇ ಸದ್ದು ಬಂದರೆ ಸೀಟಿನ ಕೆಳಗೆ ಸೀಮೆಸುಣ್ಣದ ಗೀಟು. ಎರಡು ಸದ್ದು ಬಂದರೆ ಮತ್ತೆ ಮೊದಲಿನಿಂದ. ಹೊರಗಿನಿಂದ ಬಂದವರು ನೋಡಿ, ಇದೇನು, ಹನ್ನೆರಡು ಜನ ಸಾಲಾಗಿ ಕುಳಿತು ನಿದ್ದೆ ಮಾಡುತ್ತಿದ್ದಾರೆ ಎಂದುಕೊಂಡಿದ್ದುಂಟು. ಹಿಂದಿನ ಮ್ಯಾನೇಜರೊಬ್ಬರು ಆ ನಿದ್ದೆಗೆ ಒಂದು ದಿನದ ಸಂಬಳ ಹಿಡಿದರು. ನಾವು ಹತ್ತೊಂಬತ್ತು ದಿನ ಮುಷ್ಕರ ಮಾಡಿದೆವು.

ಆ ಮುಷ್ಕರದ ಘೋಷಣೆ ನಾನು ಬರೆದದ್ದು. 'ಗೇರು ನಮ್ಮದು, ಕೈ ನಮ್ಮದು.' ಗೇಟಿನ ಗೋಡೆಯ ಮೇಲೆ ಇನ್ನೂ ಅದರ ಅರ್ಧ ಇದೆ. ನನಗೆ ಅದರ ಮೇಲೆ ಬಹಳ ಹೆಮ್ಮೆಯಿತ್ತು. ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು ಮಗಳ ತಲೆ ಬಾಚುತ್ತಿದ್ದಳು. ಬಾಚಣಿಗೆ ನಿಲ್ಲಿಸದೆ ಕೇಳಿದಳು: "ಕೈ ನಿಮ್ದು, ಸರಿ. ಕಾಲು ಯಾರ್ದು?"

ನಾನು ನಕ್ಕೆ. ಹೆಂಗಸರ ಹಾಸ್ಯ ಎಂದುಕೊಂಡೆ. ಸಂಗಾತಿಗಳೇ, ಹದಿನಾಲ್ಕು ವರ್ಷ ನಾನು ಅದನ್ನು ಹಾಸ್ಯ ಎಂದುಕೊಂಡಿದ್ದೆ.

ನಮ್ಮ ಮನೆಯಲ್ಲಿ ಒಂದು ಜೋಡಿ ಸೈಕಲ್ಲಿದೆ. ನೀವೆಲ್ಲ ನೋಡಿದ್ದೀರಿ, ನಕ್ಕಿದ್ದೀರಿ. ತಿರಸ್ಕೃತವಾದ ಎರಡು ಚೌಕಟ್ಟುಗಳನ್ನು ನಾನೇ ಬೆಸುಗೆ ಹಾಕಿ ಮಾಡಿದ್ದು, ಎರಡು ಸೀಟು, ನಾಲ್ಕು ಪೆಡಲ್ಲು. ನನ್ನ ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಮಾಡುತ್ತಾಳೆ. ಇಪ್ಪತ್ತೆರಡು ವರ್ಷ ದಿನಾ ಬೆಳಿಗ್ಗೆ ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಹೊರಟು, ಅವಳನ್ನು ಅಲ್ಲಿ ಇಳಿಸಿ ನಾನು ಇಲ್ಲಿಗೆ ಬರುತ್ತಿದ್ದೆ. ಸಂಜೆ ಅವಳು ಈ ಗೇಟಿಗೆ ಬಂದು ಹಿಂದೆ ಹತ್ತುತ್ತಿದ್ದಳು. ದಂಪತಿಗಳ ಸಮಾನತೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ ಎಂದು ಮಹಿಳಾ ಘಟಕದ ಸಭೆಯಲ್ಲಿ ನಾನೇ ಭಾಷಣ ಮಾಡಿದ್ದೆ. ಚಪ್ಪಾಳೆ ಬಿದ್ದಿತ್ತು. ನಾನು ಮುಂದೆ, ಅವಳು ಹಿಂದೆ. ಗೇರಿನ ಹಿಡಿ ಮುಂದಿನ ಹ್ಯಾಂಡಲಿನಲ್ಲಿ ಇರುತ್ತದೆ, ಅದು ಸೈಕಲ್ಲಿನ ಸ್ವಭಾವ, ನನ್ನ ತಪ್ಪೇನೂ ಇಲ್ಲ. ಏರು ನನಗೆ ಮೊದಲು ಕಾಣುತ್ತದೆ. ನನ್ನ ಕಾಲಿಗೆ ತಡೆಯುವಷ್ಟು ದೂರ ತಡೆದು ಆಮೇಲೆ ಹಗುರ ಮಾಡುತ್ತಿದ್ದೆ. ಅವಳ ಕಾಲು ಎಲ್ಲಿಯವರೆಗೆ ತಡೆಯುತ್ತದೆ ಎಂದು ಕೇಳುವುದು, ಹೇಗೆ ಹೇಳಲಿ, ಅದು ಕೇಳಬೇಕಾದ ಪ್ರಶ್ನೆ ಎಂದು ಹೊಳೆಯಲಿಲ್ಲ.

ಇದನ್ನು ಯಾಕೆ ಹೇಳುತ್ತಿದ್ದೇನೆ? ಹೌದು, ಬೆಂಚಿನ ವಿಷಯ. ಬೆಂಚಿಗೆ ಬರುತ್ತೇನೆ.

ಹೋದ ವರ್ಷ ಇಂಜಿನಿಯರಮ್ಮನವರು ಒಂದು ಡಬ್ಬಿ ತೆಗೆದುಕೊಂಡು ನಮ್ಮ ಬೆಂಚಿಗೆ ಬಂದರು. ಡಬ್ಬಿಯಲ್ಲಿ ಹಿಂದಿನ ಚಕ್ರದ ನಡುವಿನ ಗುಂಬ. ಅದರೊಳಗೆ ಮೂರು ಸಣ್ಣ ಗುಂಡುಗಳು, ಅವನ್ನು ಹಿಡಿದಿಡುವ ಒಂದು ಸ್ಪ್ರಿಂಗು, ಸ್ಪ್ರಿಂಗಿಗೆ ಒಂದು ಹಿತ್ತಾಳೆಯ ತಿರುಪು. ಚಕ್ರ ಜೋರಾದರೆ ಗುಂಡುಗಳು ಹೊರಗೆ ಸರಿಯುತ್ತವೆ, ಗೇರು ತಾನೇ ಭಾರವಾಗುತ್ತದೆ. ಚಕ್ರ ನಿಧಾನವಾದರೆ ಒಳಗೆ ಬರುತ್ತವೆ, ಗೇರು ತಾನೇ ಹಗುರವಾಗುತ್ತದೆ. ಹಿಡಿ ಇಲ್ಲ, ತಂತಿ ಇಲ್ಲ. ತಂತಿ ಇಲ್ಲದ ಮೇಲೆ ತಂತಿ ಮೀಟುವವರು ಯಾಕೆ? ಅದನ್ನು ಅವರು ಹೇಳಲಿಲ್ಲ, ನನಗೆ ಕೇಳಿಸಿತು. ಅವರು ಹೇಳಿದ್ದು ಬೇರೆ. "ನಮ್ಮ ತಾಯಿ ಗೇರಿಗೆ ಹೆದರಿ ಸೈಕಲ್ ಬಿಟ್ಬಿಟ್ರು. ಯಾವಾಗ ಯಾವುದು ಹಾಕ್ಬೇಕು ಅಂತ ಗೊತ್ತಾಗದೆ ಒಂದ್ಸಲ ಏರಲ್ಲಿ ಬಿದ್ರು. ಇದು ಅಂಥವರಿಗೆ. ಸಾಮಾನ್ಯ ಸವಾರರಿಗೆ."

ಆವತ್ತು ನಾನು ಅವರಿಗೆ ಕೂರಲು ಸ್ಟೂಲು ಕೊಡಲಿಲ್ಲ. ಈಗ ಕ್ಷಮೆ ಕೇಳುತ್ತೇನೆ. ಸ್ಟೂಲಿನ ವಿಷಯಕ್ಕೆ ಮಾತ್ರ. ಡಬ್ಬಿಯ ವಿಷಯಕ್ಕೆ ಕ್ಷಮೆ ಕೇಳಬೇಕೋ ಬೇಡವೋ ನನಗೆ ತಿಳಿಯುತ್ತಿಲ್ಲ, ಬೆಳಗಿನಿಂದ ಅದನ್ನೇ ಯೋಚಿಸುತ್ತಿದ್ದೇನೆ.

ಸಾಮಾನ್ಯ ಸವಾರ. ಈ ಮಾತು ಕಂಪನಿಯ ಕಾಗದದಲ್ಲೆಲ್ಲ ಇದೆ. ಯಾರು ಸಾಮಾನ್ಯ ಸವಾರ? ವಾರಕ್ಕೊಂದು ದಿನ, ಬಿಗಿ ಚಡ್ಡಿ ಹಾಕಿಕೊಂಡು, ತಲೆಗೆ ಗೂಡು ಕಟ್ಟಿಕೊಂಡು, ಎಲ್ಲಿಗೂ ಹೋಗದೆ ಹೋಗಿ ಎಲ್ಲಿಂದಲೂ ಬರದೆ ಬರುವವರು ನಿಮ್ಮ ಪ್ರಕಾರ ಗಂಭೀರ ಸವಾರರು. ಎಂಟು ಗಂಟೆ ಬಿಸಿ ಹಬೆಯಲ್ಲಿ ನಿಂತು ರೋಗಿಗಳ ಹಾಸುಬಟ್ಟೆಗೆ ಇಸ್ತ್ರಿ ಹಾಕಿ, ಊದಿದ ಕಾಲಿನಲ್ಲಿ ಮನೆಗೆ ತುಳಿದುಕೊಂಡು ಬರುವವಳು ಸಾಮಾನ್ಯ ಸವಾರಳು. ಈ ವಿಂಗಡಣೆ ಮಾಡಿದವರು ಯಾರು? ಯಾರನ್ನು ಕೇಳಿ ಮಾಡಿದರು? ಹೀಗೆ ನಾನು ಗೇಟಿನ ಎದುರು ಗುಡುಗಿದೆ. ಘೋಷಣೆ ಅಳುವಷ್ಟು ಆವೇಶದಲ್ಲಿದ್ದ. ಭಾಷಣ ಮುಗಿಸಿ ಜೋಡಿ ಸೈಕಲ್ಲು ಹತ್ತಿ, ಹಿಂದೆ ಅವಳನ್ನು ಕೂರಿಸಿಕೊಂಡು, ನನ್ನ ಕಾಲಿಗೆ ಸರಿಯಾದ ಗೇರಿನಲ್ಲಿ ಮನೆಗೆ ಹೋದೆ.

ಒಂದು ಚೀಟಿ ಬಂದಿದೆ. ಓದುತ್ತೇನೆ. ಮುಖ್ಯ ಅತಿಥಿಗಳು ನಮಗೆ ಸ್ಪ್ರಿಂಗು ಮಾಡಿಕೊಡುವ ಕಾರ್ಖಾನೆಯ ಮಾಲೀಕರಂತೆ. ಅಯ್ಯೋ. ಸ್ವಾಮಿ, ಹಾಗಾದರೆ ನಾನು ಹೇಳಲಿರುವುದು ನಿಮಗೂ ಬೇಕಾದದ್ದು. ಸ್ವಲ್ಪ ಮುಂದೆ ಸರಿದು ಕುಳಿತುಕೊಳ್ಳಿ.

ಹೋದ ವರ್ಷ ಕೊನೆಯಲ್ಲಿ ಹತ್ತು ಸೈಕಲ್ಲುಗಳಿಗೆ ಹೊಸ ಗೇರು ಹಾಕಿದರು. ನಕ್ಷೆಯ ಪ್ರಕಾರ ತಿರುಪು ಹೊಂದಿಸಿ, ಯಾರೂ ಮುಟ್ಟಬಾರದೆಂದು ಅದರ ತಲೆಗೆ ಕೆಂಪು ಬಣ್ಣ ಬಳಿದರು. ಬಣ್ಣ ಒಡೆದಿದ್ದರೆ ಯಾರೋ ಕೈ ಹಾಕಿದ್ದಾರೆ ಎಂದು ಅರ್ಥ. ಹಿತ್ತಲ ಅಂಗಳದಲ್ಲಿ ಪರೀಕ್ಷೆ: ನಲವತ್ತು ಮಂದಿ ಸಾಮಾನ್ಯ ಸವಾರರನ್ನು ಕಾರ್ಮಿಕರ ಮನೆಗಳಿಂದಲೇ ಕರೆಸುವುದು, ಅವರು ಸರಿ ಎಂದರೆ ಈ ಗೇರು, ಬೇಡ ಎಂದರೆ ಹಳೆಯದೇ. ಆರಂಭಕ್ಕೆ ಏಳನೇ ನಂಬರಿನ ಸೈಕಲ್ಲನ್ನು ಮ್ಯಾನೇಜರ್ ಸಾಹೇಬರೇ ಎಲ್ಲರ ಎದುರು ಒಂದು ಸುತ್ತು ಓಡಿಸುವುದು. ಹಾಗೆಂದು ಬೋರ್ಡಿನಲ್ಲಿ ಬರೆದಿತ್ತು.

ಊಟದ ವಿರಾಮದಲ್ಲಿ ನಾನು ಆ ಅಂಗಳಕ್ಕೆ ಹೋದೆ.

ಇದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ. ಸಂಘಕ್ಕೂ ಹೇಳಿಲ್ಲ. ಘೋಷಣೆ, ನೀನು ಹಾಗೆ ನೋಡಬೇಡ. ಜೇಬಿನಲ್ಲಿ ಒಂದು ಬ್ಲೇಡು, ಒಂದು ತಿರುಪುಳಿ, ಒಂದು ಪುಟ್ಟ ಸೀಸೆ ಇತ್ತು. ಏಳನೇ ಸೈಕಲ್ಲಿನ ಕೆಂಪು ಬಣ್ಣವನ್ನು ಕೆರೆದೆ. ತಿರುಪನ್ನು ಬಿಗಿ ಮಾಡಿದೆ. ಗೇರು ಹಗುರದಲ್ಲೇ ಸಿಕ್ಕಿಕೊಳ್ಳಲಿ, ಮ್ಯಾನೇಜರ್ ಸಾಹೇಬರ ಕಾಲು ಫ್ಯಾನಿನ ರೆಕ್ಕೆಯ ಹಾಗೆ ತಿರುಗಲಿ, ಸೈಕಲ್ಲು ಮಾತ್ರ ಆಮೆಯ ಹಾಗೆ ಹೋಗಲಿ, ಅಂಗಳ ಪೂರ್ತಿ ನಗಲಿ. ಅದೇ ನನ್ನ ಯೋಜನೆ. ಆಮೇಲೆ ತಿರುಪಿನ ತಲೆಗೆ ಸೀಸೆಯಿಂದ ಮತ್ತೆ ಕೆಂಪು ಬಳಿದೆ. ಅದು ಉಗುರಿಗೆ ಹಚ್ಚುವ ಬಣ್ಣ. ನನ್ನ ನಾದಿನಿ ತನ್ನಕ್ಕನಿಗೆ, ಅಂದರೆ ನನ್ನ ಹೆಂಡತಿಗೆ, ತಂದುಕೊಟ್ಟಿದ್ದು. "ಆ ಸೀಸೆ ಕಂಡ್ರಾ?" ಎಂದು ಇವಳು ಒಂದು ವಾರ ಕೇಳಿದಳು. "ಕಂಡಿಲ್ಲ" ಎಂದೆ. ಕಂಡಿದ್ದೆ. ಈಗ ಗೊತ್ತಾಯಿತಲ್ಲ.

ಹತ್ತನ್ನೂ ಕೆಡಿಸುವ ಮನಸ್ಸಿತ್ತು. ಒಂದು ಮುಗಿಸುವಷ್ಟರಲ್ಲಿ ಸೈರನ್ನು ಕೂಗಿತು.

ಮಧ್ಯಾಹ್ನ ಎಲ್ಲರೂ ಸೇರಿದರು. ಮ್ಯಾನೇಜರ್ ಸಾಹೇಬರು ಏಳನೇ ಸೈಕಲ್ಲಿನ ಹತ್ತಿರ ಬಂದರು, ಸೀಟನ್ನು ನೋಡಿದರು, ತಮ್ಮನ್ನು ನೋಡಿಕೊಂಡರು. ಆಮೇಲೆ ಸಾಲಿನಲ್ಲಿ ಮೊದಲು ನಿಂತಿದ್ದ ಹೆಂಗಸಿನ ಕೈಗೆ ಹ್ಯಾಂಡಲು ಕೊಟ್ಟು, "ನೀವೇ ಓಡಿಸಿಮ್ಮಾ, ನನ್ನದೇನು, ನಾನು ಕಾರಲ್ಲಿ ಓಡಾಡೋನು" ಎಂದರು. ಸಾಹೇಬರೇ, ಆ ಹೆಂಗಸು ನನ್ನ ಹೆಂಡತಿ. ಅವಳು ಹೆಸರು ಕೊಟ್ಟಿದ್ದು ನನಗೆ ಗೊತ್ತಿರಲಿಲ್ಲ. ರಜೆ ಹಾಕಿ, ನನಗೆ ಹೇಳದೆ, ಮೊದಲು ಬಂದು ನಿಂತಿದ್ದಳು.

ನಾನು ಬೆಂಚಿನ ಕಿಟಕಿಯಿಂದ ನೋಡುತ್ತಿದ್ದೆ. ಬೀಳುತ್ತಾಳೆ ಎಂದುಕೊಂಡೆ. ಕೂಗಬೇಕೆಂದುಕೊಂಡೆ. ಏನೆಂದು ಕೂಗಲಿ? ಅವಳು ಮೆಲ್ಲಗೆ ತುಳಿದಳು. ನನ್ನ ಹಾಗೆ ಅಲ್ಲ, ಅವಳು ಮೆಲ್ಲಗೇ ತುಳಿಯುವವಳು. ಮೆಲ್ಲಗೆ ತುಳಿದರೆ ಫ್ಯಾನೂ ಇಲ್ಲ, ಆಮೆಯೂ ಇಲ್ಲ, ಹಗುರ ಅಷ್ಟೇ. ಅಂಗಳದ ನೇರ ಭಾಗದಲ್ಲಿ ಅವಳ ಕಾಲು ಕುದುರಿದ ಮೇಲೆ ಗೇರು ಭಾರವಾಯಿತು. ಗೋದಾಮಿನ ಇಳಿಜಾರು ಹಲಗೆಯ ಹತ್ತಿರ, ಏರು ಶುರುವಾಗುತ್ತಿದ್ದಂತೆಯೇ, ಅವಳು ತಿಣುಕುವ ಮೊದಲೇ, ಹಗುರವಾಯಿತು. ಎರಡು ಸುತ್ತು ಅಂದಿದ್ದರು. ಆರು ಸುತ್ತು ಹೊಡೆದಳು. ಇಳಿಯಿರಿ ಎಂದು ಮೈಕಿನಲ್ಲಿ ಹೇಳಬೇಕಾಯಿತು.

ಆಮೇಲೆ ಆದದ್ದು ನಿಮಗೆ ಗೊತ್ತು. ನಲವತ್ತು ಮಂದಿಯೂ ಬೇರೆ ಸೈಕಲ್ಲುಗಳಿಂದ ಒಂದು ಸುತ್ತಿಗೇ ಇಳಿದರು. "ಇದು ಜಗಳ ಆಡುತ್ತೆ" ಎಂದರು. "ನಾನಿನ್ನೂ ರೆಡಿ ಆಗಿರಲ್ಲ, ಇದು ಆಗ್ಲೇ ಭಾರ ಆಗುತ್ತೆ" ಎಂದರು. "ಏಳನೇದು ಎಲ್ಲಿ?" ಎಂದು ಸಾಲು ನಿಂತರು. ಅದರ ಸೀಟು ಮೆತ್ತಗಿರುವುದಕ್ಕೆ ಇರಬೇಕು ಎಂದು ಒಬ್ಬ ಅಧಿಕಾರಿ ಬರೆದರು. ಅದರ ನೀಲಿ ಬಣ್ಣಕ್ಕೆ ಇರಬೇಕು ಎಂದು ಇನ್ನೊಬ್ಬರು ಬರೆದರು. ಇಂಜಿನಿಯರಮ್ಮನವರು ಏಳನೆಯದರ ತಿರುಪು ನೋಡಿದರು. ಕೆಂಪು ಬಣ್ಣ ಒಡೆದಿರಲಿಲ್ಲ. ಹೊಳೆಯುತ್ತಿತ್ತು, ಸ್ವಲ್ಪ ಜಾಸ್ತಿಯೇ ಹೊಳೆಯುತ್ತಿತ್ತು. ಏಳನೆಯದೊಂದರ ಬಲದ ಮೇಲೆ ಗೇರು ಪಾಸಾಯಿತು.

ನೋಡಿ, ನನ್ನ ತಲೆ ಕೆಟ್ಟಿರುವುದು ಇಲ್ಲಿ. ನಾನು ಆವತ್ತು ಊಟ ಮಾಡಿ, ಟೀ ಕುಡಿದು, ಬೆಂಚಿನ ಮೇಲೆ ಕಾಲು ಚಾಚಿಕೊಂಡಿದ್ದರೆ ಹತ್ತಕ್ಕೆ ಹತ್ತೂ ಸೋಲುತ್ತಿದ್ದವು. ಡಬ್ಬಿ ಗೋದಾಮಿಗೆ ಹೋಗುತ್ತಿತ್ತು. ಹನ್ನೆರಡು ಜನ ಉಳಿಯುತ್ತಿದ್ದರು. ಗೆಲ್ಲಿಸಿದವನು ನಾನು. ಕೆಡಿಸಲು ಹೋಗಿ ಗೆಲ್ಲಿಸಿದೆ. ಹನ್ನೆರಡು ಜನರ ಅನ್ನಕ್ಕೆ ಕೈ ಹಾಕಿದ್ದು ಮ್ಯಾನೇಜರ್ ಸಾಹೇಬರೋ, ಇಂಜಿನಿಯರಮ್ಮನೋ, ನಾನೋ? ಇದಕ್ಕೆ ಯಾವ ಘೋಷಣೆ ಕೂಗುವುದು? ಯಾರ ಗೇಟಿನ ಎದುರು ಕೂರುವುದು, ನನ್ನ ಮನೆಯದೇ?

ನನಗೆ ಕೆಟ್ಟದ್ದು ಎಂದು ನಾನು ಹೊಂದಿಸಿದ್ದು ಅವಳಿಗೆ ಒಳ್ಳೆಯದಾಗಿತ್ತು. ಹಾಗಾದರೆ ಇಪ್ಪತ್ತೆರಡು ವರ್ಷ ನನಗೆ ಒಳ್ಳೆಯದು ಎಂದು ಹೊಂದಿಸಿದ್ದು? ಅದನ್ನು ನಾನು ಅವಳನ್ನು ಕೇಳಲಿಲ್ಲ. ಆವತ್ತು ಸಂಜೆ ಜೋಡಿ ಸೈಕಲ್ಲು ತಂದು ನಿಲ್ಲಿಸಿದರೆ ಅವಳು ಹತ್ತಲಿಲ್ಲ. "ನೀವು ಹೋಗಿ, ನಾನು ನಡ್ಕೊಂಡು ಬರ್ತೀನಿ" ಎಂದಳು. ನಡೆದರೆ ಮೂವತ್ತೈದು ನಿಮಿಷ. ಮಾರನೇ ದಿನವೂ ನಡೆದಳು. ಎಂಟು ತಿಂಗಳಿಂದ ನಡೆಯುತ್ತಿದ್ದಾಳೆ. ಯಾಕೆ ಎಂದು ಒಮ್ಮೆ ಕೇಳಿದೆ. "ನಿಮ್ಮ ಬೆನ್ನು ಬಿಟ್ಟು ಈ ಊರಲ್ಲಿ ನಾನೇನೂ ನೋಡಿಲ್ಲ ಕಣ್ರೀ" ಎಂದಳು. ಕೋಪದಿಂದ ಹೇಳಲಿಲ್ಲ. ಕೋಪದಿಂದ ಹೇಳಿದ್ದರೆ ನನಗೆ ಉತ್ತರ ಗೊತ್ತಿತ್ತು. ನಾನು ಮೂವತ್ತು ವರ್ಷ ಕೋಪಕ್ಕೆ ಉತ್ತರ ಕೊಟ್ಟವನು.

ಜೋಡಿ ಸೈಕಲ್ಲನ್ನು ಒಬ್ಬನೇ ಓಡಿಸುವುದು ಕಷ್ಟ, ಸಭಿಕರೇ. ಹಿಂದಿನ ಪೆಡಲ್ಲುಗಳು ತಾವೇ ತಿರುಗುತ್ತಿರುತ್ತವೆ. ಅದಿರಲಿ.

ಈಗ ಮುಖ್ಯ ಅತಿಥಿಗಳ ವಿಷಯ. ಏಳನೆಯದು ಗೆದ್ದಿತೆಂದು ನಕ್ಷೆಯ ಪ್ರಕಾರ ಮುನ್ನೂರು ಸೈಕಲ್ಲು ಮಾಡಿದರು. ಮುನ್ನೂರೂ ಜಗಳ ಆಡುತ್ತಿವೆ. ಹಿಂದಿನ ಗೋದಾಮಿನಲ್ಲಿ ಬಟ್ಟೆ ಹೊದಿಸಿ ನಿಲ್ಲಿಸಿದ್ದಾರೆ. ಮುಖ್ಯ ಅತಿಥಿಗಳನ್ನು ಆ ಕಡೆಯಿಂದ ಕರೆತಂದಿರಲಾರರು. ಸ್ಪ್ರಿಂಗು ಸರಿಯಿಲ್ಲ ಎಂದು ನಿಮ್ಮನ್ನು ಮೂರು ಸಲ ಬೈದು ಮೂರು ಸಲ ಸ್ಪ್ರಿಂಗು ವಾಪಸು ಕಳಿಸಿದರು. ಸ್ವಾಮಿ, ನಿಮ್ಮ ಸ್ಪ್ರಿಂಗು ಸರಿಯಾಗಿದೆ. ಇಂಜಿನಿಯರಮ್ಮನ ನಕ್ಷೆಯೂ ಸರಿಯಾಗಿದೆ, ಅವರ ಕಾಲಿಗೆ. ಅವರು ವಾರಕ್ಕೊಮ್ಮೆ ಪಂದ್ಯಕ್ಕೆ ಓಡಿಸುವವರು. ಅವರ ತಾಯಿಯ ಕಾಲಿಗೆ ಸರಿಯಿಲ್ಲ. ನಾನು ಜೋಡಿ ಸೈಕಲ್ಲಿನಲ್ಲಿ ಮಾಡಿದ್ದನ್ನೇ ಅವರು ನಕ್ಷೆಯಲ್ಲಿ ಮಾಡಿದರು. ನಾವಿಬ್ಬರೂ ಬದ್ಧವೈರಿಗಳು ಎಂದುಕೊಂಡಿದ್ದೆ. ಒಂದೇ ಬಳ್ಳಿಯ ಹಾಗಲಕಾಯಿಗಳು.

ಮತ್ತು ಇವತ್ತಿನ ಉಡುಗೊರೆ. ಮುನ್ನೂರರಲ್ಲಿ ಒಂದನ್ನು ಕೊಟ್ಟರೆ ನಾನು ವೇದಿಕೆಯ ಮೇಲೆಯೇ ಬಾಯಿ ಬಿಡುತ್ತೇನೆಂದು ಹೆದರಿ, ಸಾಹೇಬರು ಸರಿಯಾಗಿ ಓಡುವ ಒಂದೇ ಒಂದು ಸೈಕಲ್ಲನ್ನು ಆರಿಸಿದ್ದಾರೆ. ಅಗೋ, ಬಾಗಿಲ ಪಕ್ಕ, ನೀಲಿ ಬಣ್ಣ, ಹ್ಯಾಂಡಲಿಗೆ ರಿಬ್ಬನ್ನು. ಅದು ಏಳನೆಯದು.

ಸಂಘ ಹೇಳುತ್ತದೆ, ಹಿಂದಿರುಗಿಸು. ಬಣ್ಣ ಒಡೆದಿಲ್ಲವೆಂದು ಈವರೆಗೆ ಯಾರೂ ಬಿಚ್ಚಿಲ್ಲ, ಹಿಂದಿರುಗಿಸಿದರೆ ಒಂದಲ್ಲ ಒಂದು ದಿನ ಅದನ್ನು ಬಿಚ್ಚುತ್ತಾರೆ. ತಿರುಪು ಯಾವ ಕಡೆ ತಿರುಗಿದೆ ಎಂದು ನೋಡುತ್ತಾರೆ. ನಕ್ಷೆ ತಿದ್ದುತ್ತಾರೆ. ನಮ್ಮ ಕೈಯಲ್ಲಿದ್ದ ಒಂದೇ ಹಿಡಿತ ಹೋಯಿತು. ಇಟ್ಟುಕೊಂಡರೆ? ಮುದುಕ ಒಂದು ಸೈಕಲ್ಲಿಗೆ ಹನ್ನೆರಡು ಜನರನ್ನು ಮಾರಿದ ಎಂದು ನಾಳೆ ಅದೇ ಗೋಡೆಯ ಮೇಲೆ ಬರೆಯುತ್ತಾರೆ, ನನ್ನ ಅರ್ಧ ಘೋಷಣೆಯ ಕೆಳಗೆ. ಇದನ್ನು ಬೆಳಿಗ್ಗೆ ಹೆಂಡತಿಯ ಹತ್ತಿರ ಹೇಳಿದೆ. ಪೂರ್ತಿ ಅಲ್ಲ, ಸೀಸೆಯ ವಿಷಯ ಬಿಟ್ಟು. ಅವಳು ಬಾಗಿಲಿಗೆ ಬೀಗ ಹಾಕುತ್ತಿದ್ದಳು. "ವಾಪಸ್ ಕೊಟ್ರೆ ಕೊಟ್ಟೋರು ನೀವು. ತಗೊಂಡ್ರೆ ತಗೊಂಡೋರೂ ನೀವೇ. ಅದನ್ನ ಓಡಿಸಿದ್ದು ಯಾರು?" ಎಂದಳು. ಬೀಗ ಎಳೆದು ನೋಡಿ ನಡೆದುಬಿಟ್ಟಳು.

ಇಂಜಿನಿಯರಮ್ಮ, ತಾವೇನೋ ಬರೆದುಕೊಳ್ಳುತ್ತಿದ್ದೀರಿ. ಏನು ಬರೆದುಕೊಳ್ಳುತ್ತಿದ್ದೀರಿ? ಬಿಗಿ. ಹೌದು, ಬಿಗಿ ಮಾಡಿದೆ ಎಂದು ಆಗಲೇ ಹೇಳಿಬಿಟ್ಟೆನಲ್ಲ. ಮ್ಯಾನೇಜರ್ ಸಾಹೇಬರ ಕಾಲು ಫ್ಯಾನಿನ ಹಾಗೆ ಎಂದು ಬೇರೆ ವಿವರಿಸಿದೆ. ನನ್ನ ಬಾಯಿಗೆ ಬೀಗವಿಲ್ಲ. ಎಂಟು ತಿಂಗಳು ಕಾದದ್ದನ್ನು ಅರ್ಧ ಗಂಟೆಯಲ್ಲಿ ಮೈಕಿಗೆ ಕೊಟ್ಟೆ. ಘೋಷಣೆ ತಲೆಯ ಮೇಲೆ ಕೈಯಿಟ್ಟು ಕುಳಿತಿದ್ದಾನೆ, ಮುಷ್ಟಿ ಇಲ್ಲದ ಅವನ ಕೈಯನ್ನು ನಾನು ಇವತ್ತೇ ನೋಡಿದ್ದು.

ಸರಿ, ಬರೆದುಕೊಳ್ಳಿ. ಆದರೆ ಇದನ್ನೂ ಬರೆದುಕೊಳ್ಳಿ. ಎಷ್ಟು ಬಿಗಿ? ಒಂದು ಸುತ್ತೇ, ಒಂದೂಕಾಲೇ? ನನಗೆ ಗೊತ್ತಿಲ್ಲ. ನಾನು ಎಣಿಸಲಿಲ್ಲ. ಕಣ್ಣು ಮುಚ್ಚಿ ಚಕ್ರ ತಿರುಗಿಸಿ ಕೇಳಿದೆ. ಮುಖ್ಯ ಅತಿಥಿಗಳು ಎಷ್ಟೇ ಚೆನ್ನಾಗಿ ಮಾಡಿದರೂ ಒಂದು ಸ್ಪ್ರಿಂಗಿನ ಹಾಗೆ ಇನ್ನೊಂದಿಲ್ಲ, ಒಬ್ಬ ತಾಯಿಯ ಮಕ್ಕಳಿದ್ದ ಹಾಗೆ. ಒಂದಕ್ಕೆ ಮುಕ್ಕಾಲು ಸುತ್ತು ಸಾಕು, ಒಂದಕ್ಕೆ ಒಂದೂವರೆ ಬೇಕು. ಅದನ್ನು ನಕ್ಷೆ ಹೇಳಲಾರದು. ಬೆಂಚಿನ ಹಿರಿಯಳು, ನಾವೆಲ್ಲ ಕಿವಿಯಕ್ಕ ಎನ್ನುತ್ತೇವೆ, ಅಲ್ಲಿ ಕಂಬದ ಪಕ್ಕ ನಿಂತಿದ್ದಾಳೆ. ಆ ಡಬ್ಬಿ ಬಂದ ಮೊದಲ ದಿನವೇ ಚಕ್ರಕ್ಕೆ ಕಿವಿಯಿಟ್ಟು, "ಈ ಗುಂಡುಗಳು ಅವಸರ ಮಾಡ್ತಿವೆ ಅಣ್ಣ" ಎಂದಿದ್ದಳು. ಒಂದೇ ದಿನದಲ್ಲಿ ಅವಳ ಕಿವಿಗೆ ಸಿಕ್ಕಿತ್ತು. ನಾನು, "ಸುಮ್ಮನಿರು, ಅವರಿಗೆ ಹೇಳ್ಬೇಡ" ಎಂದೆ. ಅವಳನ್ನೂ ನಾನು ಬೇರೇನೂ ಕೇಳಲಿಲ್ಲ. ತಂತಿ ಹೋದರೆ ಹೋಗಲಿ ಸಾಹೇಬರೇ, ನಾನು ತಂತಿಗೆ ತಾಳಿ ಕಟ್ಟಿದವನಲ್ಲ. ಮುನ್ನೂರು ಸೈಕಲ್ಲು ಗೋದಾಮಿನಲ್ಲಿ ಕೊಳೆಯುತ್ತಿವೆ. ಹನ್ನೆರಡು ಜೊತೆ ಕಿವಿ ಬೆಂಚಿನ ಮೇಲಿವೆ. ನೋಟೀಸು ಬೋರ್ಡಿನಿಂದ ಇಳಿಯಲಿ, ಬಟ್ಟೆ ಸೈಕಲ್ಲುಗಳ ಮೇಲಿಂದ ಇಳಿಯಲಿ. ಒಂದು ಇಳಿಯದೆ ಇನ್ನೊಂದು ಇಳಿಯುವುದಿಲ್ಲ. ಇದು ಯಾವ ಜೇಬಿನ ಕಾಗದದಲ್ಲೂ ಇಲ್ಲ. ಮತ್ತು ಒಂದು ಸೈಕಲ್ಲನ್ನಾದರೂ ಆಚೆ ಬಿಡುವ ಮೊದಲು ನಲವತ್ತು ಜನರನ್ನು ಮತ್ತೆ ಕರೆಸಿ. ಕೇಳಿ. ಎಲ್ಲಿ ಭಾರ, ಎಲ್ಲಿ ಹಗುರ ಎಂದು ತುಳಿಯುವವರನ್ನು ಕೇಳಿ.

ಕೇಳದವನು ಹೇಳುತ್ತಿದ್ದೇನೆ. ನಗಬೇಡಿ.

ಇನ್ನು ಉಡುಗೊರೆ. ಹಿಂದಿರುಗಿಸುತ್ತೇನೋ, ಇಟ್ಟುಕೊಳ್ಳುತ್ತೇನೋ. ಇಲ್ಲಿಗೆ ಬರುವಾಗಲೂ ತೀರ್ಮಾನ ಆಗಿರಲಿಲ್ಲ, ಈ ಮೈಕು ಹಿಡಿದಾಗಲೂ ಆಗಿರಲಿಲ್ಲ, ಈಗ...

ಏನು? ಯಾಕೆ ಎಲ್ಲರೂ ಆ ಕಡೆ ತಿರುಗುತ್ತಿದ್ದೀರಿ? ಗೋಡೆಯ ಹತ್ತಿರದವರು ಸ್ವಲ್ಪ ಸರಿಯಿರಿ, ನನಗೆ ಕಾಣುತ್ತಿಲ್ಲ.

ಮೂರನೇ ಸಾಲಿನ ಕೊನೆಯ ಕುರ್ಚಿ ಖಾಲಿ. ಕೈಚೀಲವೂ ಇಲ್ಲ.

ಬಾಗಿಲ ಪಕ್ಕ ರಿಬ್ಬನ್ನು ಮಾತ್ರ ನೆಲದ ಮೇಲೆ ಬಿದ್ದಿದೆ.

ಯಾರೂ ಹಿಂದೆ ಹೋಗಬೇಡಿ. ಕಾವಲುಗಾರನಿಗೆ ಫೋನು ಮಾಡಬೇಡಿ ಸಾಹೇಬರೇ, ಕುಳಿತುಕೊಳ್ಳಿ. ಒಂದು ನಿಮಿಷ ಎಲ್ಲರೂ ಸುಮ್ಮನಿರಿ. ಆ ಫ್ಯಾನು ನಿಲ್ಲಿಸಿ. ಗೇಟು ದಾಟಿದ ಕೂಡಲೇ ಏರು ಇದೆ. ನಾನು ಜೋಡಿ ಸೈಕಲ್ಲಿನಲ್ಲಿ ಆ ಏರಿನ ಅರ್ಧದವರೆಗೂ ಭಾರದಲ್ಲೇ ಎಳೆಯುತ್ತಿದ್ದೆ, ಇಪ್ಪತ್ತೆರಡು ವರ್ಷ. ಕಣ್ಣು ಮುಚ್ಚುತ್ತೇನೆ.

ಕಿವಿಯಕ್ಕ, ಗೇರು ಹಗುರವಾದದ್ದು ನಿನಗೆ ಕೇಳಿಸಿತೆ? ತಲೆ ಆಡಿಸುತ್ತಿದ್ದಾಳೆ. ಅವಳಿಗೆ ಕೇಳಿಸಿತಂತೆ. ಏರಿನ ಬುಡದಲ್ಲೋ, ನಡುವಿನಲ್ಲೋ? ಬೇಡ, ಹೇಳಬೇಡ. ನನಗೆ ಕೇಳಿಸಲಿಲ್ಲ. ಯಾವ ಗೇರಿನಲ್ಲಿ ಹೋದಳೋ ನನಗೆ ಗೊತ್ತಿಲ್ಲ.

ಉಡುಗೊರೆ ಕೊಟ್ಟವರಿಗೆ, ಬೇಡ ಎನ್ನಲು ಹೇಳಿದವರಿಗೆ, ಎರಡೂ ಕಡೆಯವರಿಗೆ ನನ್ನ ವಂದನೆಗಳು. ಅದು ಈಗ ನಮ್ಮ ಮಾತಿನ ವ್ಯಾಪ್ತಿಯಲ್ಲಿಲ್ಲ. ಕುರ್ಚಿ ಹಾಕಿದವರಿಗೆ, ಟೀ ಕಾಯಿಸುತ್ತಿರುವವರಿಗೆ, ಇಷ್ಟು ಹೊತ್ತು ನಿಂತವರಿಗೆ ಧನ್ಯವಾದ. ಗಡಿಯಾರದಲ್ಲಿ ನಾಲ್ಕು ಗಂಟೆ ನಲವತ್ತೊಂದು ನಿಮಿಷ. ಇನ್ನೂ ಹತ್ತೊಂಬತ್ತು ನಿಮಿಷ ನಾನು ತಮ್ಮ ನೌಕರ, ಸಾಹೇಬರೇ. ತಮ್ಮ ತೀರ್ಮಾನ ತಮಗೆ ಬಿಟ್ಟದ್ದು. ನಾನು ಬೆಂಚಿನ ಹತ್ತಿರ ಇರುತ್ತೇನೆ. ಮನೆಗೆ ಇವತ್ತು ನಡ್ಕೊಂಡು ಹೋಗುತ್ತೇನೆ.

ನಮಸ್ಕಾರ.